ಬೀದರಿಗೆ ಕೊನೆಯ ಬಸ್ಸು

“ಇನ್ನೊಂದ್ ತಂಬಿಗಿ ಹಾಕ್ರಿ ಕಾಕಿ, ಬೆನ್ನಿಗಿ ನೀರು ಮುಟ್ಟೇ ಇಲ್ಲ,” ಎಂದಳು ಲಲಿತಾಬಾಯಿ.

ನೆರೆಮನೆಯ ಕೇಶರಬಾಯಿ ಕೊಡ ಬಗ್ಗಿಸಿದಳು. ಲಾತೂರಿಗೆ ರೈಲಿನಲ್ಲಿ ನೀರು ಬಂದ ವರ್ಷ ಅದು. ಸಂತಪುರದಲ್ಲೂ ಟ್ಯಾಂಕರಿನ ಮುಖ ನೋಡಿ ಎರಡು ದಿನವಾಗಿತ್ತು. ಓಣಿಯ ಮನೆಗಳಿಂದ ಒಂದೊಂದು ತಂಬಿಗೆಯಂತೆ ಕೂಡಿಸಿದ ನೀರಿನಲ್ಲಿ ಅವರಿಬ್ಬರೂ ಹಿತ್ತಲಿನಲ್ಲಿ ಸೀರೆಯ ಮರೆ ಕಟ್ಟಿ ತೀರಿಹೋದ ಕೌಸಲ್ಯಾಬಾಯಿಯ ಮೈ ತೊಳೆಯುತ್ತಿದ್ದರು.

ಒದ್ದೆ ಬಟ್ಟೆ ಮೊಣಕಾಲು ದಾಟಿ ಕೆಳಗಿಳಿದಾಗ ಕೇಶರಬಾಯಿಯ ಕೈ ನಿಂತಿತು. ಮೀನಖಂಡಗಳು ಕಲ್ಲಿನಂತಿದ್ದವು. ಪಾದವಷ್ಟೇ ಬೆಳ್ಳಗಿತ್ತು, ಅದರ ಮೇಲೆ, ಬೂಟು ಮುಗಿಯುವಲ್ಲಿ ಗೆರೆ ಕೊರೆದಂತೆ, ಬಿಸಿಲಿಗೆ ಸುಟ್ಟ ಕಪ್ಪು.

“ಮದಿವ್ಯಾಗಿ ಬಂದಾಗಿಂದ ನೋಡೀನಿ. ಈ ಕಾಲು ನೋಡಿದ್ದಿಲ್ಲ ನೋಡವ್ವ. ಗರಡಿ ಹುಡುಗರ ಕಾಲು ಇದ್ದಂಗ ಅವ.”

“ಸೈಕಲ್ ಹೊಡೀತಿದ್ಲಲ್ರಿ.”

“ಸೈಕಲ್ ಯಾರು ಹೊಡ್ಯಂಗಿಲ್ಲ?”

ಲಲಿತಾಬಾಯಿ ಸತ್ತವಳ ಹೆರಳು ಬಿಚ್ಚತೊಡಗಿದಳು. ಲಲಿತಾಬಾಯಿಯ ಮನೆ ಬೇರೆ ಓಣಿಯಲ್ಲಿತ್ತು, ಗಂಡನದು ಕಿರಾಣಿ ಅಂಗಡಿ. ಆಕೆಯ ಎರಡೂ ಹೆರಿಗೆ ಮಾಡಿಸಿದ್ದು ಕೌಸಲ್ಯಾಬಾಯಿ. ಆ ಋಣಕ್ಕೋ ಸ್ನೇಹಕ್ಕೋ, ಮೈ ತೊಳೆಯಲು ತಾನಾಗಿಯೇ ಬಂದಿದ್ದಳು.

ಕೌಸಲ್ಯಾಬಾಯಿ ಸುತ್ತಲಿನ ಹಳ್ಳಿಗಳ ನರ್ಸಬಾಯಿ. ನಲವತ್ತು ದಾಟಿ ಹೆಚ್ಚು ದಿನವಾಗಿರಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಚಿಂತಾಕಿ ರಸ್ತೆಯಲ್ಲಿ ಹಾಲಿನ ಗಾಡಿಯವನು ಅವಳನ್ನು ಕಂಡಿದ್ದ. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಬೇವಿನ ಮರಕ್ಕೆ ಒರಗಿ ಕೂತಿದ್ದಳು. ದಣಿವಾರಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡು ಅವನು ಮುಂದೆ ಹೋದ. ತಿರುಗಿ ಬರುವಾಗಲೂ ಹಾಗೆಯೇ ಕೂತಿದ್ದಳು. ಹೃದಯ ನಿಂತಿದೆ ಎಂದರು ಡಾಕ್ಟರು.

ಅಂಗಳದಲ್ಲಿ ಕೇಶರಬಾಯಿಯ ಗಂಡ ಕಾಶೀರಾಮ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ. ಎದುರಿಗೆ ಕೂತಿದ್ದವನು ಕೌಸಲ್ಯಾಬಾಯಿಯ ತಮ್ಮ ಗೋರಖನಾಥ. ಭಾಲ್ಕಿಯಿಂದ ಮೊದಲ ಬಸ್ಸಿಗೆ ಬಂದಿದ್ದ.

“ಹೆಗಲಿಗಿ ಗಂಡಸರೇ ಇಲ್ಲ ನೋಡಪ. ಅರ್ಧ ಊರು ಪುಣಾದಾಗದ, ಅರ್ಧ ಹೈದ್ರಾಬಾದದಾಗ. ಮಾಣಿಕ ಬರೂತನಕ ಕಾಯೂಣು.”

“ಭಾವ ಬರ್ತಾರೇನ್ರಿ?”

“ಹಡದವ್ವ ಇಲ್ಲೇ ಅದಾಳಲ್ಲ. ಬರ್ತಾನ.”

ಹಡೆದವ್ವ ಜಿಜಾಬಾಯಿ ಒಳಗೆ ಮಂಚದ ಮೇಲಿದ್ದಳು. ಲಕ್ವಾ ಹೊಡೆದು ಬಲಭಾಗ ಸತ್ತಿತ್ತು. ಅವಳ ಮಗ, ಕೌಸಲ್ಯಾಬಾಯಿಯ ಗಂಡ ಮಾಣಿಕ ಹಿಂದಿನೊಂದು ಬರದಲ್ಲಿ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಅದು ಊರಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಮಕ್ಕಳಿಲ್ಲದ ಕೌಸಲ್ಯಾಬಾಯಿ ಅತ್ತೆಯ ಜೊತೆ ಉಳಿದಳು. ಗಂಡ ಬಿಟ್ಟುಹೋದ ಮನೆಯನ್ನು ಅವಳು ಬಿಡುವ ಹಾಗಿರಲಿಲ್ಲ.

*

ಹಿಂದಿನ ವರ್ಷ ಬೀದರಿನಲ್ಲಿ ನರ್ಸುಗಳ ತರಬೇತಿಯಿದ್ದಾಗ ಹೈದರಾಬಾದಿನ ಲೇಡಿ ಡಾಕ್ಟರ್ ಒಬ್ಬರು ಊಟದ ಹೊತ್ತಿಗೆ ತಮ್ಮೂರಿನ ಒಂದು ಪಂದ್ಯದ ವಿಷಯ ಹೇಳಿದ್ದರು. ಮೊದಲು ಮುಕ್ಕಾಲು ಕಿಲೋಮೀಟರ್ ಈಜಬೇಕು, ಎದ್ದವರೇ ಇಪ್ಪತ್ತು ಕಿಲೋಮೀಟರ್ ಸೈಕಲ್ ತುಳಿಯಬೇಕು, ಇಳಿದವರೇ ಐದು ಓಡಬೇಕು. ಟ್ರಯಾಥ್ಲಾನ್ ಅಂತ ಹೆಸರು. ಸಾಮಾನ್ಯರೂ ಸೇರಬಹುದು. ಉಳಿದ ನರ್ಸುಗಳು ನಕ್ಕರು. ಕೌಸಲ್ಯಾಬಾಯಿ ನಗಲಿಲ್ಲ.

ಅವತ್ತು ಸಂಜೆ ಅತ್ತೆಯ ಬಾಯಿಗೆ ಗಂಜಿ ಹಾಕುತ್ತ, “ನನಗ ಈಜು ಬರ್ತದರಿ ಅತ್ತಿ,” ಎಂದಳು. “ಬೆನ್ನಿಗಿ ಖಾಲಿ ಎಣ್ಣಿ ಡಬ್ಬಿ ಕಟ್ಟಿ ನಮ್ಮಪ್ಪ ಬಾವ್ಯಾಗ ಬಿಟ್ಟಿದ್ದ. ಗೋರಖಗಿಂತ ಮೊದಲ ನಾನೇ ಕಲ್ತೆ.”

“ಮತ್ತ ಹೋಗು.”

“ಎಲ್ಲಿಗ್ರಿ?”

“ಆ ಹೈದ್ರಾಬಾದಕ್ಕ.”

ಈಜಲು ಎಲ್ಲೂ ನೀರಿರಲಿಲ್ಲ. ಬಾವಿಗಳ ತಳದಲ್ಲಿ ಕಲ್ಲು ಕಾಣುತ್ತಿತ್ತು. ಕೌಸಲ್ಯಾಬಾಯಿ ಮಂಚದ ಪಕ್ಕ ಬೆಂಚು ಹಾಕಿ, ಅದರ ಮೇಲೆ ಬೋರಲು ಮಲಗಿ ಕೈಕಾಲು ಬಡಿದಳು. ಮೊದಲ ದಿನ ಜಿಜಾಬಾಯಿಗೆ ನಗು ತಡೆಯಲಾಗಲಿಲ್ಲ. ಸೊಟ್ಟ ಬಾಯಿಂದ ಗಂಜಿ ಸುರಿದು ಸೆರಗು ತೊಯ್ದಿತು. ಲಕ್ವಾ ಹೊಡೆದ ಮೇಲೆ ಆ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ. ಆಮೇಲೆ ಮುದುಕಿಯೇ ಮೇಸ್ತ್ರಿಯಾದಳು. “ಕಾಲು ಸಡಲ ಬಿಟ್ಟಿ ನೋಡು. ಮುಳುಗತಿ.”

ಡಿಸೆಂಬರಿನಲ್ಲಿ, ಪಂದ್ಯದ ಹಿಂದಿನ ದಿನ, ಕೌಸಲ್ಯಾಬಾಯಿ ಸೈಕಲ್ಲನ್ನು ಬಸ್ಸಿನ ಮೇಲೇರಿಸಿ ಹೈದರಾಬಾದಿಗೆ ಹೊರಟಳು. ತರಬೇತಿ ಇದೆ ಎಂದು ಊರಿಗೆ ಹೇಳಿದಳು. ನಿಜ ತಿಳಿದದ್ದು ಅತ್ತೆಗೆ ಮತ್ತು ಮುದುಕಿಯನ್ನು ನೋಡಿಕೊಳ್ಳಲು ಒಪ್ಪಿದ ಲಲಿತಾಬಾಯಿಗೆ.

*

ಅದು ಬಾವಿಯ ನೀರಿನಂತಿರಲಿಲ್ಲ. ನೀಲಿ ಕೊಳ, ಔಷಧದ ವಾಸನೆ. ತಳ ಕಾಣುತ್ತಿತ್ತು. ಹಗ್ಗಗಳ ನಡುವೆ ಗೋಡೆ ಮುಟ್ಟಿ ತಿರುಗಬೇಕು, ಮತ್ತೆ ಆ ಗೋಡೆ, ಮತ್ತೆ ಈ ಗೋಡೆ. ನಡುವೆ ಒಮ್ಮೆ ಉಸಿರು ಕಟ್ಟಿ ಹಗ್ಗ ಹಿಡಿದು ತೇಲಿದಳು. ಪಕ್ಕದಲ್ಲಿ ಯಾರೂ ಉಳಿದಿರಲಿಲ್ಲ. ದಂಡೆಯ ಮೇಲೆ ಕಾವಲಿಗೆ ಕೂತಿದ್ದ ಹುಡುಗಿ ಬಗ್ಗಿ, “ಸಾಕು ಮಾಡ್ತೀರಾ ಆಂಟಿ?” ಎಂದು ಉರ್ದುವಿನಲ್ಲಿ ಕೇಳಿದಳು. ಕೌಸಲ್ಯಾಬಾಯಿ ಇಲ್ಲವೆಂದು ತಲೆ ಅಲ್ಲಾಡಿಸಿ ಹಗ್ಗ ಬಿಟ್ಟಳು.

ಎಲ್ಲರಿಗಿಂತ ಹಿಂದೆ ನೀರಿನಿಂದೆದ್ದಳು. ಸೈಕಲ್ ಏರಿದಾಗ ಮಾತ್ರ ಅವಳಿಗೆ ತನ್ನ ಮೈ ಸಿಕ್ಕಿತು. ಔರಾದಿನ ಏರು ತುಳಿದವಳಿಗೆ ಆ ಡಾಂಬರು ರಸ್ತೆ ಹಾಸಿಗೆಯಂತಿತ್ತು. ಔಷಧಿ ಪೆಟ್ಟಿಗೆ ಕಟ್ಟುವ ಕ್ಯಾರಿಯರಿನ ಹಳೆಯ ಸೈಕಲ್ಲಿನಲ್ಲೇ ಸಪೂರ ಗಾಲಿಯ ಸೈಕಲ್ಲುಗಳ ಕೆಲವರನ್ನು ದಾಟಿದಳು. ಓಟದಲ್ಲಿ ಅವರು ಮತ್ತೆ ಅವಳನ್ನು ದಾಟಿದರು. ಕೊನೆಯವಳಾಗಿ ಗುರಿ ಮುಟ್ಟಿದಾಗ ಅಲ್ಲಿನ ಕಮಾನಿನ ಬಟ್ಟೆ ಬಿಚ್ಚುತ್ತಿದ್ದರು. ಬಿಚ್ಚುತ್ತಿದ್ದವರು ಕೈಬಿಟ್ಟು ಚಪ್ಪಾಳೆ ತಟ್ಟಿದರು. ಹೆಸರು ಕೇಳಿದರು. ಗಂಡ ಏನು ಮಾಡುತ್ತಾನೆ ಎಂದು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಬಸ್‌ಸ್ಟ್ಯಾಂಡಿಗೆ ಬಂದು ಬೆಂಚಿನ ಮೇಲೆ ಕೂತಳು. ಬೀದರಿನ ಬಸ್ಸು ಬಂತು. ಏಳಲಿಲ್ಲ. ತೊಡೆ ನೋಯುತ್ತಿದೆ, ಮುಂದಿನದಕ್ಕೆ ಹೋದರಾಯಿತು ಅಂದುಕೊಂಡಳು. ಮುಂದಿನದೂ ಬಂತು. ಕಂಡಕ್ಟರ್ “ಜಹೀರಾಬಾದ್, ಬೀದರ್” ಎಂದು ಅವಳ ಮುಖ ನೋಡಿಯೇ ಕೂಗಿದ. ಅವಳು ಬೇರೆ ಕಡೆ ನೋಡಿದಳು. ಕೈಯಲ್ಲಿ ಕೆಲಸವಿತ್ತು, ನರ್ಸಿಗೆ ಯಾವ ಊರಿನಲ್ಲೂ ಕೆಲಸ ಸಿಗುತ್ತದೆ. ಎದುರಿಗೆ ನಿಂತ ಬಸ್ಸುಗಳ ಬೋರ್ಡು ಒಂದೊಂದಾಗಿ ಓದಿದಳು: ವಿಜಯವಾಡ, ವಾರಂಗಲ್, ಕರ್ನೂಲ್. ಆ ಯಾವ ಊರಿನಲ್ಲೂ ಅವಳು ಯಾರ ಸೊಸೆಯೂ ಅಲ್ಲ.

ಹೊತ್ತು ಇಳಿಯಿತು. ಲಲಿತಾಬಾಯಿ ಒಂದು ರಾತ್ರಿ, ಮತ್ತೆ ಈ ಸಂಜೆಯ ತನಕ ಅಂತ ಒಪ್ಪಿದ್ದಳು. ಅಂಗಡಿ, ಮಕ್ಕಳು, ಅವಳು ಮನೆಗೆ ಹೋಗಲೇಬೇಕು. ಆಮೇಲೆ ಮುದುಕಿಯನ್ನು ಮಗ್ಗುಲಾಗಿಸುವವರು ಯಾರು? ಕೊನೆಯ ಬಸ್ಸು ಹೊರಡುವಾಗ ಕೌಸಲ್ಯಾಬಾಯಿ ಸೈಕಲ್ ತಳ್ಳಿಕೊಂಡು ಓಡಿಹೋಗಿ ಅದನ್ನು ನಿಲ್ಲಿಸಿದಳು.

ಬೀದರಿನ ಬಸ್‌ಸ್ಟ್ಯಾಂಡಿನಲ್ಲೇ ರಾತ್ರಿ ಕಳೆದು ಬೆಳಕು ಹರಿಯುವಾಗ ಮನೆ ಸೇರಿದಳು. ಜಿಜಾಬಾಯಿ ಎಚ್ಚರವಾಗಿಯೇ ಇದ್ದಳು.

“ಯಾಕ ಬಂದಿ?”

“ಹಿಂಗ್ಯಾಕ ಕೇಳ್ತೀರಿ ಅತ್ತಿ? ಮತ್ತೆಲ್ಲಿ ಹೋಗ್ಲಿ?”

“ನೀ ಬರಂಗಿಲ್ಲ ಅಂತ ಮಾಡಿದ್ದೆ.” ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದಳು. ಕೌಸಲ್ಯಾಬಾಯಿ ಬ್ಯಾಗು ಕೆಳಗಿಟ್ಟು ಅವಳ ಒದ್ದೆ ಹಾಸಿಗೆ ಬದಲಿಸತೊಡಗಿದಳು.

*

ಮಾಣಿಕ ಬಂದಾಗ ನೆತ್ತಿಯ ಮೇಲೆ ಬಿಸಿಲು. ಅಂಗಳದಲ್ಲಿ ಬಿಳಿ ಸೀರೆ ಹೊದಿಸಿ ಮಲಗಿಸಿದ ಹೆಂಡತಿಯ ತಲೆಯ ಬಳಿ ಮೇಣದ ಬತ್ತಿಗಳು ಬಿಸಿಲಿಗೇ ಬಾಗಿದ್ದವು. ಅವನು ಬಗ್ಗಿ ಅವಳ ಮುಖ ನೋಡಿದ. ಆಮೇಲೆ ಕಾಶೀರಾಮನ ಕಡೆ ತಿರುಗಿದ.

“ದಾರಿ ಮ್ಯಾಲ ಸತ್ತಾಳಂತ ಪುಣಾದಾಗ ಕೇಳಿದೆ. ಇಲ್ಲಿ ಇಳದರ ಮಂದಿ ಏನೇನೋ ಅಂತಾರ. ಲಕ್ವಾ ಹೊಡದ ಮುದುಕೀನ ಬಿಟ್ಟು ದಿನಾ ಮುಂಜಾನಿ ಸೈಕಲ್ ಹತ್ತಿ ಹೋಗ್ತಿದ್ಲಂತ. ಒಬ್ಬರಾದ್ರೂ ಹೇಳಬಾರದೇನ್ರಿ ಕಾಕಾ?”

ಗೋರಖನಾಥ ಎದ್ದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ತೊದಲು ದನಿ ಬಂತು.

“ನಾನೇ ಕಳಸ್ತಿದ್ದೆ.”

“ಅವ್ವ, ನೀ ಸುಮ್ಕಿರು.”

“ಇಷ್ಟು ದಿನ ಸುಮ್ಕೇ ಇದ್ದೆನಲ್ಲ. ಅಕಿನ್ನ ನಾನೇ ಎಬ್ಬಸ್ತಿದ್ದೆ. ಬರೂತನಕ ಹಾಸಿಗಿ ಒದ್ದಿ ಆದರ ಆಗ್ಲಿ ಅಂತ ಬಿದ್ದಿರ್ತಿದ್ದೆ. ನಾ ಸಾಯೂತನಕ ಅಕಿ ಎಲ್ಲಿ ಹೋಗಂಗಿತ್ತು? ಚಿಂತಾಕಿತನಕನಾದ್ರೂ ಹೋಗಿ ಬರ್ಲಿ ಅಂತ.” ಉಸಿರು ಸಾಲದೆ ನಿಲ್ಲಿಸಿದಳು. “ನಿನ್ನಿ ಅಂದ್ಲು, ಎದಿ ಹಿಡದಂಗ ಆಗ್ಲತದ, ಇವತ್ತ ಬ್ಯಾಡ್ರಿ ಅತ್ತಿ ಅಂತ. ಗಾಳಿಗಿ ಹೋದರ ಹಗುರ ಆಗ್ತದ, ಹೋಗು ಅಂದೆ.”

ಲಲಿತಾಬಾಯಿ ಒಳಗೆ ಹೋಗಿ ಮುದುಕಿಯ ಕೈ ಹಿಡಿದು ಕೂತಳು.

ಕಾಶೀರಾಮ ಬುದ್ಧಂ ಶರಣಂ ಎಂದು ತ್ರಿಶರಣ ಹೇಳಿಸಿದ. ಹೆಗಲು ಸಾಲದ್ದಕ್ಕೆ ಕೇಶರಬಾಯಿ ಸೆರಗು ಬಿಗಿದು ಗಂಡನ ಜೊತೆ ಚಟ್ಟದ ಹಿಂದಿನ ತುದಿ ಹೊತ್ತಳು. ಮುಂದೆ ಮಾಣಿಕ, ಪಕ್ಕದಲ್ಲಿ ಗೋರಖನಾಥ. ನಡಿಗೆ ಸರಿಹೊಂದದೆ ಮಾಣಿಕ ದಾರಿಯಲ್ಲಿ ಎರಡು ಮೂರು ಸಲ ಮುಗ್ಗರಿಸಿದ.

“ಅಕ್ಕ ಪಂದ್ಯಕ್ಕ ಹೋಗಿದ್ಲಂತ, ನಿಮಗ ಗೊತ್ತೇನ್ರಿ ಭಾವ?” ಎಂದ ಗೋರಖನಾಥ. “ನನಗೂ ಇವತ್ತೇ ಲಲಿತಾಬಾಯಿ ಹೇಳಿದ್ರು.”

“ಯಾವ ಪಂದ್ಯ?”

ಗೋರಖನಾಥ ಹೇಳಿದ. ಮಾಣಿಕ ಕೇಳುತ್ತ ನಡೆದ. ತುಸು ದೂರ ಹೋದ ಮೇಲೆ, “ಅಕಿಗಿ ಈಜು ಬರ್ತಿತ್ತಾ?” ಎಂದ.

ಸಂಜೆಗೆ ಮನೆ ಖಾಲಿಯಾಯಿತು. ಗೋರಖನಾಥ ಭಾಲ್ಕಿಗೆ ಹೊರಟುಹೋದ. ದೀಪ ಹಚ್ಚಿ ಲಲಿತಾಬಾಯಿಯೂ ಚಪ್ಪಲಿ ಮೆಟ್ಟಿದಳು. ಒಳಗಿನಿಂದ ವಾಸನೆ ಬರುತ್ತಿತ್ತು. ಮಾಣಿಕ ಬಾಗಿಲಲ್ಲಿ ಮೂಗಿನ ಮೇಲೆ ಕೈಯಿಟ್ಟು ನಿಂತಿದ್ದ.

“ಅಕ್ಕೋರೆ, ನೀವು ಒಂದ್ ಸಲ...”

“ನಾ ತೋರಸ್ತೀನಿ ಬರ್ರಿ,” ಎಂದಳು ಲಲಿತಾಬಾಯಿ. ಒಳಗೆ ಬಂದು ಮಂಚದ ಆಚೆ ನಿಂತಳು, ಮುದುಕಿಯನ್ನು ಎತ್ತಲು ಕೈ ಮಾತ್ರ ಹಾಕಲಿಲ್ಲ. “ಒಂದು ಕೈ ಕುತ್ತಿಗಿ ಕೆಳಗ ಹಾಕ್ರಿ. ಇನ್ನೊಂದು ನಡದ ಕೆಳಗ. ಜಗ್ಗಬ್ಯಾಡ್ರಿ, ಎತ್ರಿ. ನಾ ಚಾದರ ತಗೀತೀನಿ.”

ಅವನು ಎತ್ತಿದ. ಜಿಜಾಬಾಯಿಯ ಭಾರವೆಲ್ಲ ಅವನ ತೋಳುಗಳ ಮೇಲೆ ಬಂತು. ಬದುಕಿದ್ದ ಎಡಗೈಯನ್ನು ಅವಳು ಅವನ ಕೊರಳಿಗೆ ಹಾಕಿದಳು.

ಅವನ ಅಂಗಿಯ ಜೇಬಿನಲ್ಲಿ ಫೋನು ರಿಂಗಾಗತೊಡಗಿತು, ಪುಣೆಯಿಂದಲೇ ಇರಬೇಕು. ತಾಯಿ ಮಗನ ಎದೆಗಳ ನಡುವೆ ಒತ್ತಿಕೊಂಡು ಅದು ನಡುಗುತ್ತಿತ್ತು. ಬಟ್ಟೆಯೊಳಗಿಂದ ನೀಲಿ ಬೆಳಕು ಅವಳ ಗಲ್ಲಕ್ಕೆ ಬಡಿಯುತ್ತಿತ್ತು. ಅವನ ಎರಡೂ ಕೈ ತಾಯಿಯ ಕೆಳಗಿದ್ದವು. ನಿಂತಿತು. ಮತ್ತೆ ರಿಂಗಾಯಿತು.

“ಬಿಡಬ್ಯಾಡ್ರಿ,” ಎಂದಳು ಲಲಿತಾಬಾಯಿ, ಚಾದರ ಎಳೆಯುತ್ತ. “ಇನ್ನೂ ಮುಗದಿಲ್ಲ.”