ದೆಜುನೇ ಅಂದರೆ ಯಾವ ಊಟ

ಸೋಮನಾಥ ಕಾಕಾನ ಫೋನು ಬಂದಾಗ ಸೋನಾಲಿ ಮಾಟುಂಗದ ಕಾಲೇಜಿನ ಮೆಟ್ಟಿಲ ಮೇಲೆ ಕೂತು ಫ್ರೆಂಚಿನಲ್ಲಿ ತನ್ನಷ್ಟಕ್ಕೆ ತಾನೇ ಗುಣುಗುತ್ತಿದ್ದಳು. ಮಧ್ಯಾಹ್ನ ಎರಡಕ್ಕೆ ಮೌಖಿಕ ಪರೀಕ್ಷೆ. ಅದರಲ್ಲಿ ಗೆದ್ದರೆ ಇಂಟರ್‌ಮೀಡಿಯೆಟ್ ದಾಟಿ ಅಡ್ವಾನ್ಸ್ಡ್ ತರಗತಿ. ಸೋತರೆ ಅದೇ ಬೆಂಚು, ಅದೇ ಪುಸ್ತಕ, ಇನ್ನೊಂದು ಆರು ತಿಂಗಳು.

"ಲಗೂನ ಪರೇಲಿಗೆ ಬಾರವಾ," ಕಾಕಾ ಏದುಸಿರು ಬಿಡುತ್ತಿದ್ದ. ಅವನು ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದ. "ಕಾಂಗೋ ದೇಶದ್ದೊಂದು ಸಣ್ಣ ಹುಡುಗಿ ಬಂದೈತಿ. ಕಾಲಿನ ಆಪರೇಶನ್. ತಾಯಿಗೆ ಫ್ರೆಂಚ್ ಬಿಟ್ಟು ಏನೂ ಬರಂಗಿಲ್ಲ. ನಮ್ಮ ದುಭಾಷಿ ಬೊರಿವಲಿಯೊಳಗ ಸಿಕ್ಕೊಂಡಾನ, ವೆಸ್ಟರ್ನ್ ಲೈನ್ ರೈಲು ಬಂದ್ ಬಿದ್ದೈತಿ."

"ಕಾಕಾ, ಇವತ್ತು ನಂದು ಓರಲ್ ಅದ. ಟೈಮ್ ನಹೀ ಹೋಗಾ."

"ಹತ್ತ ಮಿನಿಟಿನ ಕೆಲಸ. ನಮ್ಮ ಅಣ್ಣನ ಮಗಳು ಫ್ರೆಂಚಿನಾಗ ಪಕ್ಕಾ ಅದಾಳಂತ ಡಾಕ್ಟರಿಗೆ ಹೇಳೇಬಿಟ್ಟೀನಿ."

ಪಕ್ಕಾ ಅನ್ನುವ ಮಾತು ಅವಳಿಗೆ ಹಿತವೂ ಆಯಿತು, ದಿಗಿಲೂ ಆಯಿತು. ಅವಳ ಫ್ರೆಂಚ್ ಎಷ್ಟು ಪಕ್ಕಾ ಎಂಬುದು ಗೊತ್ತಿದ್ದವರು ಅದನ್ನು ಕಲಿಸುವ ಪ್ರಫುಲ್ಲಾ ಮೇಡಂ ಒಬ್ಬರೇ. ಮಂಗಳೂರು ಕಡೆಯ ಆ ಮೇಡಂ ಹೋದ ವಾರವಷ್ಟೇ ಅವಳನ್ನು ತಡೆದು ನಿಲ್ಲಿಸಿ, "ಅರ್ಥ ಆಗದಿದ್ದರೂ ತಲೆ ಆಡಿಸ್ತೀಯಲ್ಲ ಮಾರಾಯ್ತಿ, ಕೇಳಿದರೆ ನಿನ್ನದೇನು ಹೋಗ್ತದೆ?" ಎಂದಿದ್ದರು.

ಆಸ್ಪತ್ರೆ ಮುಟ್ಟಿದಾಗ ಹನ್ನೆರಡರ ಹತ್ತಿರ. ಹುಡುಗಿಯ ಹೆಸರು ಗ್ರಾಸ್, ಐದು ವರ್ಷ. ತಿರುಚಿದ ಪಾದವನ್ನು ಹಾಸಿಗೆಯ ಅಂಚಿಗೆ ಒತ್ತಿಕೊಂಡು ಹೊಸಬಳನ್ನು ದಿಟ್ಟಿಸುತ್ತಿದ್ದಳು. ತಾಯಿ ಎಂಬುಯಿ ಎದ್ದು ನಿಂತು ಸೋನಾಲಿಯ ಎರಡೂ ಕೈ ಹಿಡಿದುಕೊಂಡು ಗಡಗಡನೆ ಮಾತಾಡತೊಡಗಿದಳು. ತರಗತಿಯ ಆಡಿಯೋದಲ್ಲಿ ಕೇಳಿದ ಫ್ರೆಂಚ್ ಇದಾಗಿರಲಿಲ್ಲ. ಸ್ವರಗಳು ಬೇರೆ, ಒತ್ತು ಬೇರೆ. ಅರ್ಧ ಹಿಡಿಯಿತು, ಅರ್ಧ ಜಾರಿಹೋಯಿತು. ಸೋನಾಲಿ ತಲೆ ಆಡಿಸಿದಳು.

ಅರಿವಳಿಕೆ ಕೊಡುವ ಡಾಕ್ಟರ್ ವಂದನಾ ಕೇಸ್ ಪೇಪರ್ ಹಿಡಿದು ಬಂದರು. ಅಲರ್ಜಿ ಇದೆಯಾ, ಹಿಂದೆ ಜ್ವರ ಬಂದಿತ್ತಾ, ಯಾವ ಔಷಧಿ ಕೊಡ್ತಾರೆ. ಸೋನಾಲಿ ಒಂದೊಂದನ್ನೇ ದಾಟಿಸಿದಳು. ಕಾಕಾ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ನೋಡುತ್ತಿದ್ದ.

"ಲಾಸ್ಟ್ ಕಬ್ ಖಾಯಾ ಬಚ್ಚೀ ನೇ?" ಡಾಕ್ಟರು ಕೇಳಿದರು.

ಮಗು ಕೊನೆಯ ಸಲ ತಿಂದದ್ದು ಯಾವಾಗ ಎಂದು ಸೋನಾಲಿ ಫ್ರೆಂಚಿನಲ್ಲಿ ಕೇಳಿದಳು. ದೆಜುನೇ ಆದಮೇಲೆ ಏನೂ ತಿಂದಿಲ್ಲ ಎಂದಳು ತಾಯಿ. ದೆಜುನೇ ಅಂದರೆ ಮಧ್ಯಾಹ್ನದ ಊಟ. ಅದು ಮೊದಲ ಪಾಠದಲ್ಲೇ ಬರುತ್ತದೆ. ಇವತ್ತಿನ ಮಧ್ಯಾಹ್ನ ಇನ್ನೂ ಆಗಿಲ್ಲ, ಹಾಗಾದರೆ ನಿನ್ನೆಯದು.

"ಕಲ್ ಲಂಚ್ ಕೆ ಬಾದ್ ಕುಛ್ ನಹೀ."

"ರಾತ್ ಕೋ ಭೀ ನಹೀ? ಪಕ್ಕಾ?"

ರಾತ್ರಿಯೂ ಮಗು ಉಪವಾಸವೇ? ಒಂದು ಕ್ಷಣ ಅನುಮಾನ ಬಂತು. ಕಾಕಾನ ಮುಖ ನೋಡಿದಳು. ಗಡಿಯಾರ ನೋಡಿದಳು.

"ಪಕ್ಕಾ," ಎಂದಳು.

ಡಾಕ್ಟರು ಬರೆದುಕೊಂಡು ಹೋದರು. ವಾರ್ಡ್‌ಬಾಯ್‌ಗಳು ಟ್ರಾಲಿ ತಂದರು. ಗ್ರಾಸ್ ಅಳಲಿಲ್ಲ, ಅಮ್ಮನ ಬೆರಳನ್ನು ಮಾತ್ರ ಬಿಡಲೊಲ್ಲಳು. ಕೊನೆಗೆ ತಾಯಿಯೇ ಮುತ್ತಿಟ್ಟು ಬಿಡಿಸಿಕೊಂಡಳು. ಟ್ರಾಲಿ ಥಿಯೇಟರಿನ ಬಾಗಿಲೊಳಗೆ ಹೋಯಿತು.

ಎಂಬುಯಿ ಬೆಂಚಿನ ಮೇಲೆ ಕುಸಿದಳು. ಆಮೇಲೆ ಕಣ್ಣೊರೆಸಿಕೊಂಡು, ಓಡೋಡಿ ಬಂದ ಈ ಹುಡುಗಿಯ ನೆನಪಾದವಳಂತೆ, ಮೆಲ್ಲಗೆ ಕೇಳಿದಳು: ನಿನ್ನ ದೀನೇ ಆಯಿತಾ ಮಗಳೇ, ಹನ್ನೆರಡು ಹೊಡೆದುಹೋಯಿತಲ್ಲ?

ಇಲ್ಲ ಎಂದು ತಲೆ ಆಡಿಸುತ್ತಿದ್ದ ಸೋನಾಲಿಯ ಕತ್ತು ಅಲ್ಲೇ ನಿಂತಿತು.

ದೀನೇ ಅಂದರೆ ರಾತ್ರಿಯ ಊಟ. ನಡುಹಗಲಲ್ಲಿ ರಾತ್ರಿಯ ಊಟ ಯಾರು ಕೇಳುತ್ತಾರೆ? ಈಕೆಯ ಊರಿನಲ್ಲಿ ಮಧ್ಯಾಹ್ನದ ಊಟವೇ ದೀನೇ ಆದರೆ, ದೆಜುನೇ ಅಂದರೆ...

"ಮದಾಂ," ಎಂದು ಅವಳು ಎಂಬುಯಿಯ ಕಡೆ ತಿರುಗಿದಳು. "ನನಗೆ ಅರ್ಥ ಆಗಿರಲಿಲ್ಲ. ಗ್ರಾಸ್ ದೆಜುನೇ ತಿಂದದ್ದು ಯಾವಾಗ? ನಿನ್ನೆಯಾ?"

"ಇವತ್ತು ಬೆಳಿಗ್ಗೆ. ಆಸ್ಪತ್ರೆಗೆ ಹೊರಡುವ ಮುಂಚೆ. ಬ್ರೆಡ್ಡು, ಒಂದು ದೊಡ್ಡ ಲೋಟ ಹಾಲು."

ಸೋನಾಲಿ ಓಡಿದಳು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಎರಡೂ ಅಂಗೈಯಿಂದ ಬಾಗಿಲು ಬಡಿದಳು. ಸಿಸ್ಟರ್ ಒಬ್ಬಳು ಇಣುಕಿ ಗದರಿಸಿದಳು. ಹಿಂದಿನಿಂದ ಕಾಕಾ ಬಂದು ರಟ್ಟೆ ಹಿಡಿದ. "ಏ, ಹುಚ್ಚು ಹಿಡದೈತೇನ ನಿನಗ? ನನ್ನ ನೌಕರಿ ಹೊಕ್ಕೈತಿ!"

"ಬಿಡು ಕಾಕಾ! ನಾ ತಪ್ಪು ಹೇಳೀನಿ. ಪೋರಿ ಮುಂಜಾನೆ ಉಂಡಾಳ!"

ಕಾಕಾನ ಕೈ ಸಡಿಲಾಯಿತು. ಅವಳು ಒಳಗೆ ಕೇಳುವಂತೆ ಕಿರುಚಿದಳು: "ಡಾಕ್ಟರ್, ರುಕಿಯೇ! ಬಚ್ಚೀ ನೇ ಆಜ್ ಸುಬಹ್ ಖಾಯಾ ಹೈ!"

ಒಳಗೆ ಏನೋ ಲೋಹದ ಸದ್ದಾಯಿತು. ಸೋನಾಲಿ ಗೋಡೆಗೆ ಆತು ನಿಂತಳು. ಕೊನೆಗೆ ಡಾಕ್ಟರ್ ವಂದನಾ ಮುಖದ ಮಾಸ್ಕ್ ಕೆಳಗೆಳೆದುಕೊಂಡು ಹೊರಗೆ ಬಂದರು.

"ಇಂಜೆಕ್ಷನ್ ಕೈಯಲ್ಲಿತ್ತು," ಎಂದರು ಹಿಂದಿಯಲ್ಲಿ. "ಹೊಟ್ಟೆಯ ಹಾಲು ಶ್ವಾಸಕೋಶಕ್ಕೆ ಇಳಿದಿದ್ದರೆ ಏನಾಗುತ್ತಿತ್ತು ಗೊತ್ತಾ? ನಾನು ಪಕ್ಕಾ ಅಂತ ಕೇಳಲಿಲ್ಲವಾ?"

"ಕೇಳಿದ್ದಿರಿ. ನನಗೆ ಗೊತ್ತಿದೆ ಅಂದುಕೊಂಡೆ."

ಡಾಕ್ಟರು ಕೈಗವಸು ಕಳಚಿದರು. "ತಾಯಿಗೆ ಹೇಳು. ಆಪರೇಶನ್ ನಾಳೆ ಬೆಳಿಗ್ಗೆ. ಈ ಸಲ ಪ್ರತಿ ಮಾತನ್ನೂ ಅವಳ ಬಾಯಿಂದ ತಿರುಗಿ ಹೇಳಿಸು."

ಟ್ರಾಲಿ ಮರಳಿ ಬಂದದ್ದನ್ನು ಕಂಡು ಎಂಬುಯಿ ಚೀರಿದಳು. ಆಪರೇಶನ್ನೇ ಆಗುವುದಿಲ್ಲ ಅಂದುಕೊಂಡುಬಿಟ್ಟಿದ್ದಳು. ಅವಳನ್ನು ಕೂರಿಸಿ, ಸಮಾಧಾನ ಮಾಡಿ, ಉಪವಾಸದ ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಸೋನಾಲಿ ಬೆವೆತುಹೋದಳು. ಮಗುವಿಗೆ ಏನೂ ತಿನ್ನಿಸಬೇಡ ಎಂದು ನಿನ್ನೆ ದುಭಾಷಿ ಫೋನಿನಲ್ಲಿ ಹೇಳಿದ್ದು ತಾಯಿಗೆ ಸರಿಯಾಗಿ ಕೇಳಿಸಿರಲೇ ಇಲ್ಲವಂತೆ. ಗೊತ್ತಾಗದ ಪದ ಬಂದಾಗಲೆಲ್ಲ ಸೋನಾಲಿ ನಿಲ್ಲಿಸಿ ಕೇಳಿದಳು. ಎಂಬುಯಿ ಕೈಸನ್ನೆ ಮಾಡಿದಳು, ಗಾಳಿಯಲ್ಲಿ ತಟ್ಟೆ ಬರೆದಳು, ಸೂರ್ಯನನ್ನು ತೋರಿಸಿದಳು.

ಮಾಟುಂಗಕ್ಕೆ ಮರಳಿದಾಗ ಪರೀಕ್ಷಕರು ಹೊರಟುಹೋಗಿದ್ದರು. ಪ್ರಫುಲ್ಲಾ ಮೇಡಂ ಖಾಲಿ ಕ್ಲಾಸಿನಲ್ಲಿ ಕಿಟಕಿ ಮುಚ್ಚುತ್ತಿದ್ದರು. ಅವಳು ಏನನ್ನೂ ಮುಚ್ಚಿಡದೆ ಹೇಳಿದಳು.

"ಬೆಲ್ಜಿಯಂನವರು ಆಳಿದ ದೇಶ ಅದು," ಮೇಡಂ ಬೆಂಚಿನ ಮೇಲೆ ಕೂತರು. "ಅಲ್ಲೆಲ್ಲ ಬೆಳಗಿನದೇ ದೆಜುನೇ. ನಾನು ನಿಮಗೆ ಪ್ಯಾರಿಸ್‌ದು ಮಾತ್ರ ಕಲಿಸಿದೆ ನೋಡು." ಆಮೇಲೆ, "ಪರೀಕ್ಷೆ ಮಾತ್ರ ಮುಂದಿನ ಸಲವೇ. ನನ್ನ ಕೈಯಲ್ಲಿಲ್ಲ," ಎಂದರು.

ಲೋಕಲ್‌ನಲ್ಲಿ ಮನೆಗೆ ಹೋಗುವಾಗ ಸೋನಾಲಿಗೆ ಅಳು ಬಂತು. ಆರು ತಿಂಗಳಿಗಾಗಿ ಅತ್ತಳೋ, ಆ ಇಂಜೆಕ್ಷನ್ ನೆನೆದು ಅತ್ತಳೋ ಅವಳಿಗೇ ತಿಳಿಯಲಿಲ್ಲ.

ಮರುದಿನ ದುಭಾಷಿ ಬಂದಿದ್ದ. ಆದರೂ ಎಂಬುಯಿ ಬರಹೇಳಿದ್ದಳೆಂದು ಸೋನಾಲಿ ಕ್ಲಾಸು ಬಿಟ್ಟು ಹೋದಳು. ಇಬ್ಬರೂ ಅದೇ ಬೆಂಚಿನ ಮೇಲೆ ಕೂತರು. ಮಧ್ಯಾಹ್ನದ ಹೊತ್ತಿಗೆ ಗ್ರಾಸ್ ಕಾಲಿಗೆ ಬಿಳಿ ಪ್ಲಾಸ್ಟರ್ ಹಾಕಿಸಿಕೊಂಡು ಹೊರಬಂದಳು. ಅರೆಗಣ್ಣು ತೆರೆದು ಏನೋ ತೊದಲಿದಳು. ಸೋನಾಲಿ ಬಗ್ಗಿ ಕಿವಿಗೊಟ್ಟಳು. ಒಂದಕ್ಷರವೂ ತಿಳಿಯಲಿಲ್ಲ.

"ಏನಂದಳು?" ಎಂದು ತಾಯಿಯನ್ನು ಕೇಳಿದಳು.

ಎಂಬುಯಿ ಎರಡು ದಿನಗಳಲ್ಲಿ ಮೊದಲ ಸಲ ನಕ್ಕಳು. "ಅದು ಫ್ರೆಂಚಲ್ಲ ಮಗಳೇ, ನಮ್ಮ ಮನೆಮಾತು. ನನ್ನ ಚಪ್ಪಲಿ ಎಲ್ಲಿ ಅಂತ ಕೇಳುತ್ತಿದ್ದಾಳೆ."