ಎರಡು ಬೆರಳು

ಹಣೆಯ ಬೆವರು ಒರೆಸಿಕೊಳ್ಳುವಾಗ ಬೆರಳು ರೆಪ್ಪೆಗೆ ತಾಗಿತು, ಅಷ್ಟೇ. ಎಡಗಣ್ಣು ಹೊತ್ತಿಕೊಂಡಿತು. ಭಾಗ್ಯಾ ಪೆನ್ನು ಕೆಳಗಿಟ್ಟಳು. ಪ್ರಶ್ನೆಪತ್ರಿಕೆಯ ಅಂಕಿಗಳು ನೀರಲ್ಲಿ ಮುಳುಗಿದಂತೆ ಅಲುಗತೊಡಗಿದವು.

ಕುಂದಗೋಳದ ಆ ಶಾಲೆಯಲ್ಲಿ ಹತ್ತನೆಯ ತರಗತಿಯ ಗಣಿತಕ್ಕೆ ಅವಳು ಕೂತದ್ದು ಇದು ಮೂರನೆಯ ಸಲ. ಉಳಿದ ವಿಷಯಗಳು ಮುಗಿದಿದ್ದವು. ಇದೊಂದು ದಾಟಿದರೆ ಅಂಗನವಾಡಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಎರಡು ವರ್ಷದಿಂದ ದಿನವೂ ನಸುಕಿನಲ್ಲಿ, ಒಲೆ ಹೊತ್ತಿಸುವ ಮೊದಲು, ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಒಂದು ಲೆಕ್ಕ ಬಿಡಿಸುತ್ತಿದ್ದಳು. ಜ್ವರ ಬಂದಾಗಲೂ ಬಿಟ್ಟಿರಲಿಲ್ಲ. ಆಮೇಲೆ ಸಂಜೆಯವರೆಗೆ ಸಂಶಿ ಊರಿನ ಶೆಡ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು.

ಆ ಖಾರ ನೀರಿಗೂ ಸಬಕಾರಕ್ಕೂ ಬಗ್ಗುವುದಿಲ್ಲ. ಕೊಬ್ಬರಿ ಎಣ್ಣೆಯನ್ನೇ ತಿಕ್ಕಿಕೊಳ್ಳಬೇಕು. ನಿನ್ನೆ ಕೆಲಸ ಬಿಟ್ಟಾಗ ಪಕ್ಕದಲ್ಲಿ ಕೂರುವ ಸಾವಂತ್ರೆವ್ವ ಬಾಟಲಿ ಚಾಚಿದ್ದಳು.

"ಬ್ಯಾಡ ಅತ್ತಿ. ನಾಳೆ ಪೇಪರಿಗೆ ಜಿಡ್ಡ ಹತ್ತತೈತಿ."

"ಹೌದಬೇ, ಪೇಪರ್ ನೋಡಾವ್ರು ಮೂಸಿ ನೋಡಿ ಮಾರ್ಕ್ಸ್ ಹಾಕ್ತಾರ!" ಎಂದು ಮುದುಕಿ ನಕ್ಕಿದ್ದಳು.

ಪರೀಕ್ಷೆಯ ಕೋಣೆ ಕಾಯುತ್ತಿದ್ದ ಮಾಸ್ತರರು ಹತ್ತಿರ ಬಂದು ಬಗ್ಗಿದರು. "ಯಾಕವಾ, ಅಳಾಕತ್ತೀ? ಬಂದಷ್ಟ ಬರಿ."

"ಅಳಾಕತ್ತಿಲ್ರಿ ಸರ್. ಖಾರ ಐತ್ರಿ."

ಮುಂದಿನ ಬೆಂಚಿನ ಹುಡುಗಿಯರು ಕಿಸಕ್ಕೆಂದರು. ಮಾಸ್ತರರು ನೀರು ಕೊಟ್ಟರು. ಅದೇ ಖಾರದ ಬೊಗಸೆಯಲ್ಲಿ ಹಿಡಿದು ಮುಖಕ್ಕೆ ಹಾಕಿಕೊಂಡಳು. ಬಲಗಣ್ಣೂ ಹೊತ್ತಿತು.

ಗಂಟೆ ಬಾರಿಸಿದಾಗ ಐದು ಲೆಕ್ಕ ಮುಗಿದಿದ್ದವು. ಉಳಿದವು ಬರುತ್ತಿರಲಿಲ್ಲವೆಂದಲ್ಲ.

ಮರುದಿನ ನಸುಕಿನಲ್ಲಿ ಎಚ್ಚರವಾಯಿತು. ಏಳುವ ಮನಸ್ಸಿರಲಿಲ್ಲ, ಎದ್ದಳು. ಬಿಟ್ಟುಬಂದ ಆರನೆಯ ಲೆಕ್ಕವನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಳು. ಉತ್ತರ ಒಂದೇ ಸಲಕ್ಕೆ ಬಂತು. ಒಳಗಿನಿಂದ ಅವ್ವ "ಒಲಿ ಹಚ್ಚಿದೇನ?" ಎಂದು ಕೂಗುವವರೆಗೂ ಆ ಹಾಳೆಯ ಮೇಲೆ ತಲೆಯಿಟ್ಟು ಕೂತಿದ್ದಳು.

ಶೆಡ್ಡಿನಲ್ಲಿ ಕೂತವಳು ಹಳೆಯ ಸೀರೆಯ ಅಂಚು ಹರಿದು ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಸುತ್ತಿ, ಹಲ್ಲಿನಿಂದ ಗಂಟು ಬಿಗಿದಳು. ಅಲ್ಲಿ ಯಾರೂ ಬಟ್ಟೆ ಕಟ್ಟುವುದಿಲ್ಲ. ಕಟ್ಟಿದರೆ ತೊಟ್ಟು ಕೈಗೆ ಸಿಗುವುದಿಲ್ಲ.

"ಅಯ್ಯ, ನಾಜೂಕಿನಾಕಿ ಬಂದ್ಲ ನೋಡ್ರಬೇ!" ಎಂದಳು ಸಾವಂತ್ರೆವ್ವ. "ಹಿಂಗಾದ್ರ ಸಂಜಿಕ ಅರ್ಧ ಚೀಲನೂ ಆಗೂದಿಲ್ಲ."

"ಆದಷ್ಟ ಆಗ್ಲಿ ಬಿಡ ಅತ್ತಿ."

ಮುದುಕಿ ಅವಳ ಕೆಂಪು ಕಣ್ಣುಗಳನ್ನು ನೋಡಿದಳು. "ಮತ್ತ ಪರೀಕ್ಷಾಕ್ಕ ಕುಂದ್ರಾಕಿ ಏನು?"

ಭಾಗ್ಯಾ ಇನ್ನೊಂದು ಕಾಯಿ ಎತ್ತಿಕೊಂಡಳು. ಸುತ್ತಲಿನವರ ರಾಶಿ ಮೊಣಕಾಲಿಗೆ ಬಂದರೂ ಅವಳದು ಮೊರದಷ್ಟೇ ಇತ್ತು.

ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚುವ ಮೊದಲು ಬೆರಳ ಬಟ್ಟೆ ಬಿಚ್ಚಿದಳು. ಎರಡು ಬೆರಳೂ ಬೆವರಿ ಬಿಳಿಚಿ, ಸುಕ್ಕಾಗಿದ್ದವು. ಗೋಡೆಯ ಕಡೆ ತಿರುಗಿ ಕೂತು, ತೋರುಬೆರಳನ್ನು ನಿಧಾನವಾಗಿ ಕಣ್ಣಂಚಿಗೆ ಮುಟ್ಟಿಸಿದಳು. ಉಸಿರು ಹಿಡಿದು ಕಾದಳು.