ಎಡಗಡೆಯ ಹೂವು

“ಈ ಸಲ ಹೂವು ಎಡಕ್ಕೆ ಬಿದ್ರೆ ನಾನು ಈ ಕಟ್ಟೆ ಮ್ಯಾಲೆ ಕಾಲಿಡಾಕಿಲ್ಲ ನೋಡ್ರಿ,” ಎಂದು ಬೋರಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು ಕಟ್ಟೆಗೆ ಬಡಿದ.

“ಇಡಬ್ಯಾಡ ಬಿಡು, ಕಟ್ಟೆನಾರ ಉಳಕಂತೈತೆ,” ಎಂದ ಮಾರುತಿ. ಸುತ್ತ ಕುಳಿತವರು ನಕ್ಕರು.

ಕರಿಯಮ್ಮನ ಗುಡಿಯ ಮುಂದೆ ಬೇವಿನ ಮರದ ನೆರಳಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಲೋಕಸಭೆಯ ಮತದಾನಕ್ಕೆ ಇನ್ನು ನಾಲ್ಕು ದಿನ ಉಳಿದಿತ್ತು. ಬಿ.ದುರ್ಗ ಹೋಬಳಿಯ ಆ ಸಣ್ಣ ಊರಿನಲ್ಲಿ ಹಿಂದಿನಿಂದ ಬಂದ ರೂಢಿಯೊಂದಿತ್ತು. ಊರಿನ ಮತಗಳೆಲ್ಲ ಒಬ್ಬರಿಗೇ ಬೀಳಬೇಕು. ಯಾರಿಗೆ ಎಂಬುದನ್ನು ಕರಿಯಮ್ಮ ಹೇಳಬೇಕು. ಪೂಜಾರಿ ಅಮ್ಮನ ಎರಡು ಭುಜಕ್ಕೂ ಒಂದೊಂದು ಸೇವಂತಿಗೆ ಹೂವನ್ನು ಅಂಟಿಸುತ್ತಿದ್ದ. ಊರ ಯಜಮಾನ ಕೈಮುಗಿದು ನಿಂತು, ಬಲಕ್ಕೆ ಇಂಥವರು, ಎಡಕ್ಕೆ ಇಂಥವರು ಎಂದು ಹೇಳಿ ಅಪ್ಪಣೆ ಕೇಳುತ್ತಿದ್ದ. ಮೊದಲು ಉದುರಿದ ಹೂವೇ ಅಮ್ಮನ ಮಾತು.

ಇಪ್ಪತ್ತೆರಡು ವರ್ಷಗಳಿಂದ ಹಾಗೆ ನಿಂತು ಕೇಳುತ್ತ ಬಂದವರು ಕಾಟಲಿಂಗಪ್ಪ. ನಾಳೆ ಬೆಳಿಗ್ಗೆಯೂ ಅವರೇ ಕೇಳಬೇಕಾಗಿತ್ತು. ಅವರು ಗುಡಿಯ ಜಗಲಿಯ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಜನರ ಮಾತನ್ನು ಕೇಳುತ್ತಿದ್ದರು. ಹೆಂಡತಿ ಬರಗೇರಮ್ಮ ತೀರಿಕೊಂಡ ಮೇಲೆ ಅವರ ಮಾತು ಕಡಿಮೆಯಾಗಿತ್ತು.

“ನಮ್ಮೋರು ಹಳಬ್ರು,” ಎಂದ ಬೋರಪ್ಪ. “ಡೆಲ್ಲಿಯಾಗೆ ಯಾವ ಬಾಗ್ಲು ತಟ್ಟಿದ್ರೆ ಯಾವ ಕೆಲ್ಸ ಆಗ್ತೈತೆ ಅಂತ ಗೊತ್ತೈತೆ ಅವ್ರಿಗೆ.”

“ನಮ್ಮೂರ ಬಾಗ್ಲು ಮಾತ್ರ ಗೊತ್ತಿಲ್ಲ,” ಎಂದ ಮಾರುತಿ. “ಭದ್ರಾ ನೀರು ಬಂತು, ಇನ್ನೇನು ಬಂತು ಅಂದ್ರು. ಕಾಲುವೆ ತೋಡಿದ್ರು. ಅದ್ರಾಗೆ ಈಗ ನಿನ್ನ ಕುರಿ ಮೇಯ್ತಾವೆ.”

“ನಿಮ್ಮೋನು ಏನ್ ಕಡಿದವನೆ? ಹೊಳಲ್ಕೆರೆಗೆ ಬಂದು, ಮೈಕ್ ಹಿಡ್ಕಂಡು, ‘ಹೊಸದುರ್ಗದ ನನ್ನ ಬಂಧುಗಳೇ’ ಅಂದ!”

ನಗು ಜೋರಾಯಿತು. ಮೂಲೆಯಲ್ಲಿ ಕುಳಿತಿದ್ದ ಹಾಲಸ್ವಾಮಿ, “ಹಿರಿಯೂರಿನ ಟೀಚರಮ್ಮನೂ ನಿಂತವಳಂತಲ್ಲ. ಬಸ್ಸಿನಾಗೆ ಬಂದು ತಾನೇ ಚೀಟಿ ಹಂಚಿ ಹೋದ್ಲು. ಅವಳಿಗೆ?” ಎಂದು ಕೇಳಿದ.

“ಅಮ್ಮಂಗಿರಾದು ಎಲ್ಡೇ ಭುಜ ಕಣಪ್ಪ,” ಎಂದ ಮಾರುತಿ.

ಬೋರಪ್ಪನಿಗೆ ನಗು ಬರಲಿಲ್ಲ. “ನಗ್ರಿ, ನಗ್ರಿ. ಹೂವು ಯಾರ ಕೈಯಾಗೈತೆ ಅಂತ ನಂಗೇನು ತಿಳಿಯಾಕಿಲ್ವ? ಮೊನ್ನೆ ಪೂಜಾರಿ ಜುಂಜಣ್ಣನ್ನ ಬೈಕಿನ ಮ್ಯಾಲೆ ಕೂರಿಸ್ಕಂಡು ದುರ್ಗಕ್ಕೆ ಯಾಕಪ್ಪ ಹೋಗಿದ್ದೆ?”

“ಹೋದ ಸಲ ನೀನು ಕರ್ಕಂಡು ಹೋಗಿರ್ಲಿಲ್ವ?” ಮಾರುತಿಗೂ ಸಿಟ್ಟು ಏರಿತು. “ಬೀಳಬೇಕಾದ ಹೂವಿಗೆ ಬರೀ ನೀರು, ನಿಲ್ಲಬೇಕಾದ ಹೂವಿಗೆ ಕಲಸಿದ ಕುಂಕುಮ. ಇದೇನು ಹೊಸ ವಿದ್ಯೆನಾ? ಊರಿಗೆಲ್ಲ ಗೊತ್ತಿರಾದೇ.”

ಎಲ್ಲರೂ ಮತ್ತೆ ನಕ್ಕರು. ನಗು ಅರ್ಧಕ್ಕೇ ನಿಂತಿತು. ಕಂಬಕ್ಕೆ ಒರಗಿದ್ದ ಕಾಟಲಿಂಗಪ್ಪ ಕಣ್ಣು ತೆರೆದಿದ್ದರು. ಯಾರೋ ಕೆಮ್ಮಿದರು. ಹಾಲಸ್ವಾಮಿ ನೆಲ ನೋಡತೊಡಗಿದ.

“ಯಜಮಾನ್ರೇ, ನಾನು ಓಟಿನ ಹೂವಿನ ಮಾತಾಡಿದ್ದು,” ಎಂದ ಮಾರುತಿ. ಅವನ ದನಿ ಇಳಿದಿತ್ತು. “ಓಟಿಂದು ಅಷ್ಟೇ. ಬೇರೆದ್ದಲ್ಲ.”

ಆ ‘ಬೇರೆದ್ದು’ ಏನೆಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ತಿಳಿದಿತ್ತು.

ಹಿಂದಿನ ವರ್ಷ ಬರಗೇರಮ್ಮನ ಹೊಟ್ಟೆಯಲ್ಲಿ ಗಡ್ಡೆಯಿದೆ ಎಂದು ದಾವಣಗೆರೆಯ ವೈದ್ಯರು ಹೇಳಿದ್ದರು. ಹದಿನೈದು ದಿನದೊಳಗೆ ಆಪರೇಷನ್ ಆದರೆ ಬದುಕುವ ಸಂಭವ ಹೆಚ್ಚು ಎಂದೂ ಹೇಳಿದ್ದರು. ಮಗ ದುರ್ಗೇಶ ಎಲ್ಲವನ್ನೂ ಗೊತ್ತುಮಾಡಿಕೊಂಡು ಬಂದ. ಕಾಟಲಿಂಗಪ್ಪನವರೂ ಒಪ್ಪಿದರು. ಅಮ್ಮನ ಅಪ್ಪಣೆ ಪಡೆದು ಹೊರಡೋಣವೆಂದು ಹೆಂಡತಿಯನ್ನು ಗುಡಿಗೆ ಕರೆದುಕೊಂಡು ಹೋದರು. ಬಲಕ್ಕೆ ಬಿದ್ದರೆ ಹೋಗಬೇಕು, ಎಡಕ್ಕೆ ಬಿದ್ದರೆ ಬೇಡ. ಎಡಗಡೆಯ ಹೂವು ಬಿತ್ತು. ಮಗ ಕಾಲು ಹಿಡಿದು ಬೇಡಿದರೂ ಅವರು ಒಪ್ಪಲಿಲ್ಲ. “ಅಮ್ಮ ಬ್ಯಾಡ ಅಂದವಳೆ,” ಎಂದರು. ಐದು ತಿಂಗಳಿಗೆ ಬರಗೇರಮ್ಮ ಹೋದಳು. ಅಂದಿನಿಂದ ಅವರು ಎದ್ದು ಕುಳಿತು ಉಂಡದ್ದೆಲ್ಲ ಆ ಒಂದು ಮಾತಿನ ಬಲದಿಂದ. ಅಮ್ಮ ಬೇಡ ಎಂದಿದ್ದಳು, ನಾನು ಕೊಂದವನಲ್ಲ.

ಕಾಟಲಿಂಗಪ್ಪ ಎದ್ದರು. ಚಪ್ಪಲಿ ಮೆಟ್ಟುವುದನ್ನೂ ಮರೆತು ಗುಡಿಯ ಹಿಂದಕ್ಕೆ ನಡೆದರು. ಯಾರೂ ಅವರನ್ನು ತಡೆಯಲಿಲ್ಲ.

ಗುಡಿಯ ಹಿಂದೆ ಪೂಜಾರಿ ಜುಂಜಯ್ಯ ಹೂವಿನ ಮಡಿಗೆ ನೀರು ಹಾಕುತ್ತಿದ್ದ. ಅವನೂ ಕಾಟಲಿಂಗಪ್ಪನವರೂ ಒಂದೇ ವಾರಿಗೆಯವರು, ಒಟ್ಟಿಗೆ ದನ ಕಾದವರು.

“ಬಾ ಕಾಟಣ್ಣ. ಯಾಕೆ, ಬರಿಗಾಲಾಗೆ ಬಂದಿದೀಯ?”

“ಲೇ ಜುಂಜ, ಓಟಿನ ಹೂವು ಬೀಳಿಸಾನು ನೀನೇನಾ?”

ಜುಂಜಯ್ಯ ಕೊಡವನ್ನು ಕೆಳಗಿಟ್ಟ. “ಯಾರಂದ್ರು?”

“ಯಾರಾರ ಅನ್ಲಿ. ಹೌದೋ ಅಲ್ವೋ, ಅಷ್ಟು ಹೇಳು.”

“ಹೌದು,” ಎಂದ ಜುಂಜಯ್ಯ. “ನಮ್ಮಪ್ಪನೂ ಅದನ್ನೇ ಮಾಡ್ತಿದ್ದ. ಊರು ಎಲ್ಡಾಗಬಾರ್ದು ಅಂತ. ಹೆಚ್ಚು ಜನ ಯಾವ ಕಡೆಗವ್ರೆ ಅಂತ ನೋಡ್ಕಂಡು ಹಚ್ಚಾದು.”

ಕಾಟಲಿಂಗಪ್ಪ ಗುಡಿಯ ಕಲ್ಲುಗೋಡೆಗೆ ಕೈ ಊರಿದರು. ಗೋಡೆ ಬಿಸಿಲಿಗೆ ಇನ್ನೂ ಸುಡುತ್ತಿತ್ತು.

“ನಮ್ಮ ಬರಗೇರಮ್ಮಂದು?”

ಜುಂಜಯ್ಯ ಬಗ್ಗಿ ಮಡಿಯ ಮಣ್ಣನ್ನು ಸರಿಮಾಡತೊಡಗಿದ.

“ಅದು ಅಮ್ಮನೇ ಕೊಟ್ಟಿದ್ದು ಅಂತ ಒಂದು ಮಾತು ಹೇಳಿಬಿಡು ಜುಂಜ. ಅಷ್ಟು ಹೇಳು ಸಾಕು, ನಾನು ಮನಿಗೆ ಹೋಗ್ತೀನಿ.”

“ನಾನೇ ಹಚ್ಚಿದ್ದು ಕಾಟಣ್ಣ.”

ಕಾಟಲಿಂಗಪ್ಪನವರ ಕೈ ತಾನಾಗಿ ಮೇಲೆದ್ದಿತು. ಅದು ಜುಂಜಯ್ಯನ ಕೆನ್ನೆಗೆ ಬಿದ್ದ ಮೇಲೆಯೇ ಅವರಿಗೆ ತಾವು ಹೊಡೆದದ್ದು ತಿಳಿದದ್ದು. ಎಪ್ಪತ್ತು ದಾಟಿದ ಇಬ್ಬರು ಮುದುಕರು ಹೂವಿನ ಮಡಿಯ ನಡುವೆ ಎದುರುಬದುರು ನಿಂತಿದ್ದರು.

“ಯಾರು ಮಾಡಿಸಿದ್ರು? ಬಾಯಿ ಬಿಡು! ಯಾರಿಗೆ ಬ್ಯಾಡಾಗಿದ್ಲು ಅವಳು?”

“ಅವಳೇ, ನಮ್ಮತ್ತಿಗೇನೇ ಬಂದಿದ್ದು,” ಎಂದ ಜುಂಜಯ್ಯ ಕೆನ್ನೆ ಮುಟ್ಟಿಕೊಳ್ಳದೆ. “ಹಿಂದಿನ ದಿನ ಮಧ್ಯಾಹ್ನ. ಇಲ್ಲೇ, ನೀನು ನಿಂತಿರೋ ಜಾಗದಾಗೆ. ಎಡಗಡೆದ್ದು ಬೀಳಂಗೆ ಮಾಡು ಜುಂಜಣ್ಣ ಅಂದ್ಲು. ನಾನು ಬೈದೆ. ಹುಚ್ಚು ಹಿಡಿದೈತೇನು ಅಂದೆ. ಅದಕ್ಕೆ ಅವಳು, ನಮ್ಮ ತಂಗಿ ಹೊಟ್ಟೆ ಕುಯ್ಸ್ಕಂಡು ಎಲ್ಡು ತಿಂಗ್ಳು ಆಸ್ಪತ್ರೆ ಮಂಚದ ಮ್ಯಾಲೆ ನಳ್ಳಾಡಿದ್ದನ್ನ ನಾನು ನೋಡೀನಿ. ಕೊನಿಗೆ ಒಂದು ತೊಟ್ಟು ನೀರು ಕೊಡಾಕೂ ನರ್ಸನ್ನ ಕೇಳಬೇಕಿತ್ತು. ನಂಗದು ಬ್ಯಾಡ, ನನ್ನ ಮನ್ಯಾಗೆ ಇರ್ತೀನಿ ಅಂದ್ಲು.”

“ಹಂಗಂತ ನಂಗೆ ಹೇಳಬೋದಿತ್ತಲ್ಲ!”

“ನಾನೂ ಅದನ್ನೇ ಕೇಳಿದೆ. ಯಜಮಾನ್ರಿಗೇ ಹೇಳವ್ವ ಅಂದೆ.”

“ಏನಂದ್ಲು?”

“ನಾನು ಬ್ಯಾಡ ಅಂದ್ರೆ ಅವರು ಕೇಳಾಕಿಲ್ಲ, ಅಮ್ಮ ಬ್ಯಾಡ ಅಂದ್ರೆ ಕೇಳ್ತಾರೆ ಅಂದ್ಲು.”

ಕಾಟಲಿಂಗಪ್ಪ ಕಲ್ಲಿನ ಮೇಲೆ ಕುಳಿತರು. ಅವರಿಗೆ ಅಳು ಬರಲಿಲ್ಲ. ಹೆಂಡತಿ ಸತ್ತ ದಿನ ಎದೆಗೆ ಬಡಿದಿದ್ದ ಪೆಟ್ಟಿಗಿಂತ ಇದು ದೊಡ್ಡದಾಗಿತ್ತು. ಅಂದಿನ ಪೆಟ್ಟಿಗೆ ದೇವರ ಹೆಸರಿತ್ತು. ಇದಕ್ಕೆ ಯಾರ ಹೆಸರನ್ನೂ ಇಡಲಾಗದೆ ಅವರು ಕುಳಿತೇ ಇದ್ದರು. ನಲವತ್ತಾರು ವರ್ಷದ ಸಂಸಾರದಲ್ಲಿ ಅವಳು ಬೇಡ ಎಂದ ಒಂದು ಸಂದರ್ಭವನ್ನು ನೆನಪಿಗೆ ತಂದುಕೊಳ್ಳಲು ನೋಡಿದರು. ಒಂದೂ ಸಿಗಲಿಲ್ಲ. ಅದನ್ನೇ ಅವರು ನಾಲ್ಕು ಜನರೆದುರು ಹೆಮ್ಮೆಯಿಂದ ಹೇಳಿಕೊಂಡದ್ದುಂಟು. ಮತದಾನದ ದಿನ ಶಾಲೆಯ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಅವಳಿಗೆ ಎಷ್ಟನೆಯ ಗುಂಡಿ ಎಂದು ಬೆರಳಿನಲ್ಲೇ ತೋರಿಸುತ್ತಿದ್ದರು. ಅವಳು ತಲೆಯಾಡಿಸಿ ಹೋಗುತ್ತಿದ್ದಳು. ಒಳಗೆ ಅವಳು ಯಾವುದನ್ನು ಒತ್ತುತ್ತಿದ್ದಳೋ ಎಂದು ಅವರಿಗೆ ಈಗ ಮೊದಲ ಸಲ ಅನಿಸಿತು.

“ನಾಳೆ ನಾನು ಕೇಳಾಕಿಲ್ಲ ಜುಂಜ,” ಎಂದರು.

“ಊರಿಗೆ ಏನಂತ ಹೇಳಾದು?”

“ಅವರವರು ಅವರವರನ್ನ ಕೇಳ್ಕಳ್ಲಿ.”

ಅವರು ಕಟ್ಟೆಯ ಕಡೆ ತಿರುಗದೆ ಓಣಿ ಹಿಡಿದು ಮನೆಗೆ ಬಂದರು. ದುರ್ಗೇಶ ಇನ್ನೂ ಹೊಲದಿಂದ ಬಂದಿರಲಿಲ್ಲ. ಸೊಸೆ ಅನುಷಾ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಮಾವನವರು ಎಂದೂ ಬಾರದ ಕಡೆ ಬಂದು ನಿಂತದ್ದನ್ನು ಕಂಡು ಅವಳು ಸೆರಗನ್ನು ಸರಿಮಾಡಿಕೊಂಡಳು.

“ನಿನ್ನ ಓಟು ಯಾರಿಗಮ್ಮ?”

“ನೀವು ಹೇಳಿದಂಗೆ ಮಾವ. ನಾಳೆ ಹೂವಾದ ಮ್ಯಾಲೆ ಗೊತ್ತಾಗ್ತೈತಲ್ಲ.”

“ಹೂವಿಂದಲ್ಲ. ನಿನ್ನ ಮನಸ್ನಾಗೆ ಯಾರವ್ರೆ ಅಂತ.”

ಅನುಷಾಳ ಕೈ ಹಿಟ್ಟಿನಲ್ಲೇ ನಿಂತಿತು. ಅವಳು ಮಾವನ ಮುಖವನ್ನೂ ಅವರ ಬರಿಗಾಲನ್ನೂ ನೋಡಿದಳು. “ಯಾರಾರ ಏನಾರ ಅಂದ್ರ? ನಾನೇನೂ ಮಾತಾಡಿಲ್ಲ ಮಾವ, ದೇವ್ರಾಣೆ. ಸಂಘದ ಹೆಂಗಸ್ರು ಮಾತಾಡ್ತಿದ್ರು, ನಾನು ಸುಮ್ನೆ ಕುಂತಿದ್ದೆ.”

ಕಾಟಲಿಂಗಪ್ಪನವರಿಗೆ ಆ ಹೆದರಿಕೆಯನ್ನು ನೋಡಲಾಗಲಿಲ್ಲ. ಇನ್ನೊಂದು ಮುಖದ ಮೇಲೆ ಅದನ್ನು ಎಷ್ಟು ವರ್ಷ ಕಂಡೂ ಭಕ್ತಿಯೆಂದು ತಿಳಿದಿದ್ದರೋ.

“ತಪ್ಪು ಅಂತ ಕೇಳಲಿಲ್ಲಮ್ಮ,” ಎಂದರು. “ನಂಗೆ ಗೊತ್ತಿಲ್ಲ. ಅದಕ್ಕೆ ಕೇಳಿದೆ.”

ಹೊರಗೆ ಯಾರೋ ಬಂದ ಸದ್ದಾಯಿತು. “ಯಜಮಾನ್ರೇ, ನಾಳೆ ಎಷ್ಟೊತ್ತಿಗೆ ಬರ್ತೀರಿ?” ಎಂದು ಮಾರುತಿ ಅಂಗಳದಿಂದ ಕೂಗಿದ. ಅವರು ಓಗೊಡಲಿಲ್ಲ. ಅಡುಗೆಮನೆಯ ಹೊಸ್ತಿಲಾಚೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತರು. ಮಾರುತಿ ಇನ್ನೊಮ್ಮೆ ಕೂಗಿ, ಸ್ವಲ್ಪ ಕಾದು, ಹೊರಟುಹೋದ.

ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಅನುಷಾ ಅದನ್ನು ತೆಗೆದು ಪಕ್ಕಕ್ಕಿಟ್ಟಳು. ಒಲೆ ಆರಿಸಿದಳು. ಕೈಗೆ ಮೆತ್ತಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಬಿಡಿಸಿಕೊಳ್ಳುತ್ತ, ಮಾತು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದವಳ ಹಾಗೆ, ಅವಳೂ ಅವರ ಎದುರಿಗೆ ನೆಲದ ಮೇಲೆ ಕುಳಿತಳು.